ಕಾರವಾರವೋ, ಹುಬ್ಬಳ್ಳಿಯೋ: ಎಂಬಿಬಿಎಸ್ ಸೀಟು ಹಿಡಿಯುವ ಮೊದಲು

ಶಿರಸಿಯಲ್ಲಿ ಕೂತು ನೋಡಿದರೆ ಎರಡೂ ಊರು ನೂರು ಕಿಲೋಮೀಟರಿನ ಆಚೀಚೆ. ಎರಡೂ ಸರ್ಕಾರಿ ಕಾಲೇಜು. ಹಾಗಾಗಿ ಫೀಸಿನ ಲೆಕ್ಕ ಬಿಡಿ.

ಹುಬ್ಬಳ್ಳಿಯದು 1957ರ ಕಾಲೇಜು. ಕಾರವಾರದ ಕಾಲೇಜು, ಅಂದರೆ ಕ್ರಿಮ್ಸ್, ಶುರುವಾಗಿದ್ದು 2016ರಲ್ಲಿ, 150 ಸೀಟಿನೊಂದಿಗೆ, ಜಿಲ್ಲಾ ಆಸ್ಪತ್ರೆಯ ಜೊತೆ. ವಯಸ್ಸಿಗಿಂತ ನಾನು ನೋಡುವುದು ವಾರ್ಡು. ಸುತ್ತಲ ಜಿಲ್ಲೆಗಳ ಸೀರಿಯಸ್ ಕೇಸು ಹುಬ್ಬಳ್ಳಿಗೆ ಬರುತ್ತವೆ. ನಮ್ಮ ಕರಾವಳಿಯವು ಮಣಿಪಾಲ, ಮಂಗಳೂರು, ಗೋವಾ ಅಂತ ಆಂಬುಲೆನ್ಸ್ ಹತ್ತುತ್ತವೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜಿಲ್ಲೆಯ ಜನ ಕೂಗಿದ್ದು ಸುಮ್ನೆ ಅಲ್ಲವಲ್ಲ! ನೋಡಿ ಕಲಿಯುವುದಕ್ಕೆ ಹುಬ್ಬಳ್ಳಿಯೇ ಮೇಲು. ಆದರೆ ಒಂದು ಮಂಚದ ಸುತ್ತ ಎಷ್ಟು ಜನ ನಿಲ್ಲುತ್ತಾರೆ, ರೋಗಿಯ ಹೊಟ್ಟೆ ಮುಟ್ಟಿ ನೋಡಲು ನಿಮ್ಮ ಸರದಿ ಬರುತ್ತದಾ ಅಂತ ಎರಡೂ ಕಡೆಯ ಸೀನಿಯರ್‌ಗಳನ್ನೇ ಕೇಳಿ.

ಇನ್ನು ಮಾತು. ಹುಬ್ಬಳ್ಳಿಯ ಅಜ್ಜಿ "ಹೊಟ್ಟಿ ನೋಯಾಕತ್ತೈತ್ರಿ" ಅಂದರೆ ತಿಳಿಯುತ್ತದೆ. ಕಾರವಾರದ ಅಜ್ಜಿ "ಪೊಟಾಂತ್ ದುಕ್ತಾ" ಅಂದರೆ ಕೊಂಕಣಿ ಬಾರದ ಘಟ್ಟದ ಮೇಲಿನ ಹುಡುಗಿ ಪಕ್ಕದವಳ ಮುಖ ನೋಡಬೇಕು. ಆರು ತಿಂಗಳಲ್ಲಿ ಬಂದೀತು, ಬಿಡಿ.

ಕಾರವಾರದಲ್ಲಿ ಸಂಜೆ ಕಡಲಿದೆ. ಮಳೆಗಾಲದಲ್ಲಿ ದಾರಿಯದ್ದೇ ಚಿಂತೆ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದಾಗ ಅಂಕೋಲಾ-ಕುಮಟಾ ಹೆದ್ದಾರಿ ದಿನಗಟ್ಟಲೆ ಬಂದ್ ಆಗಿತ್ತು. ಹಬ್ಬಕ್ಕೆ ಮನೆಗೆ ಬರುವ ದಾರಿ ಅದೇ ಅಲ್ವಾ?

ಸೀಟು ಹಂಚುವ ಕೆಇಎಯ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೊದಲ ಸುತ್ತಿನಲ್ಲಿ ಕಾರವಾರ ಸಿಕ್ಕಿ, ಮನಸ್ಸು ಹುಬ್ಬಳ್ಳಿಯಲ್ಲಿದ್ದರೆ ಚಾಯ್ಸ್ 2 ಇದೆ: ಸಿಕ್ಕ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯುವ ಆಯ್ಕೆ. ನಿಮ್ಮ ಆಯ್ಕೆಪಟ್ಟಿಯಲ್ಲಿ ಮೇಲಿರುವ ಸೀಟು ಬಂದರೆ ಕೈಯಲ್ಲಿದ್ದದ್ದು ತಾನಾಗಿ ಹೋಗುತ್ತದೆ. ಆಮೇಲೆ ಕಡಲು ನೆನಪಾದರೂ ವಾಪಸ್ ಸಿಗುವುದಿಲ್ಲ.