ಹಳೇ ಟಾಟಾ ಏಸ್, ಹಳೇ ಬೊಲೆರೊ ಪಿಕಪ್: ಎರಡನ್ನೂ ಓಡಿಸಿ ನೋಡಿದ ಲೆಕ್ಕ

ನಮ್ಮ ಮನೆ ಮುಂದೆ ಎರಡು ವರ್ಷ ಎರಡು ಹಳೇ ಗಾಡಿ ಒಟ್ಟಿಗೆ ನಿಂತಿದ್ದವು. ಒಂದು 2009ರ ಟಾಟಾ ಏಸ್. ಇನ್ನೊಂದು 2011ರ ಬೊಲೆರೊ ಪಿಕಪ್. ಏಸನ್ನು 2018ರಲ್ಲಿ 1,25,000 ರೂಪಾಯಿಗೆ ತಂದೆ. ಪಿಕಪ್ 2021ರಲ್ಲಿ 3,10,000ಕ್ಕೆ ಬಂತು. ಶುಂಠಿ, ಆಲೂಗಡ್ಡೆ, ಬೀನ್ಸ್ ಬೆಳೆದು ಹಾಸನದ ಎಪಿಎಂಸಿಗೆ ಹಾಕುವುದು ನಮ್ಮ ಕೆಲಸ. ಹೋಗಿ ಬರಲು 48 ಕಿಲೋಮೀಟರ್. ತಿಂಗಳಿಗೆ ಒಂದೆರಡು ಸಲ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ಕಡೆಗೂ ಹೋಗುತ್ತಿದ್ದೆ. ಅಂದರೆ ಸಮತಟ್ಟು ರಸ್ತೆ, ಘಾಟಿ ಎರಡರಲ್ಲೂ ಎರಡೂ ಗಾಡಿಯನ್ನು ದುಡಿಸಿದ್ದೇನೆ.

ಎಂಜಿನ್ನಿನಿಂದ ಶುರು ಮಾಡುತ್ತೇನೆ. ಏಸ್ ಮಾರುಕಟ್ಟೆಗೆ ಬಂದದ್ದು 2005ರಲ್ಲಿ. ನನ್ನದರಲ್ಲಿ ಇರುವುದು ಆ ಮೊದಲ ಎಂಜಿನ್ನೇ. ಎರಡು ಸಿಲಿಂಡರ್, 702 ಸಿಸಿ, 16 ಎಚ್‌ಪಿ. ಪಿಕಪ್‌ನಲ್ಲಿ ನಾಲ್ಕು ಸಿಲಿಂಡರ್, 2523 ಸಿಸಿ, ಟರ್ಬೊ, 63 ಎಚ್‌ಪಿ. ಕಾಗದದ ಮೇಲೆ ಇದು ಹೋಲಿಕೆಯೇ ಅಲ್ಲ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು. ಪಿಕಪ್ ಬಂದ ಮೊದಲ ತಿಂಗಳು ಏಸನ್ನು ಮುಟ್ಟಲೇ ಇಲ್ಲ.

ಆಮೇಲೆ ಡೀಸೆಲ್ ಲೆಕ್ಕ ಬರೆಯಲು ಶುರು ಮಾಡಿದೆ. ಲೋಡ್ ಇದ್ದಾಗ ಏಸ್ ಲೀಟರಿಗೆ 17 ಕಿಲೋಮೀಟರ್ ಕೊಡುತ್ತಿತ್ತು, ಪಿಕಪ್ 11. 2022ರಲ್ಲಿ ನಮ್ಮಲ್ಲಿ ಡೀಸೆಲ್ 88 ರೂಪಾಯಿ ಹತ್ತಿರ ಇತ್ತು. ಒಂದು ಸಲ ಹಾಸನಕ್ಕೆ ಹೋಗಿ ಬಂದರೆ ಏಸ್‌ಗೆ ಸುಮಾರು 250 ರೂಪಾಯಿ, ಪಿಕಪ್‌ಗೆ 385. ನಮ್ಮ ಕಡೆ ಶುಂಠಿ ಚೀಲ 60 ಕೆಜಿ. ಏಸ್‌ಗೆ ಕಂಪನಿ ಹೇಳುವ ಲೋಡು 750 ಕೆಜಿ, ಅಂದರೆ 12 ಚೀಲ. ಪಿಕಪ್‌ಗೆ ನಾನು 20 ಹಾಕುತ್ತಿದ್ದೆ. ಎರಡೂ ತುಂಬಿ ಹೋದರೆ ಚೀಲಕ್ಕೆ ಏಸ್‌ನಲ್ಲಿ 21 ರೂಪಾಯಿ, ಪಿಕಪ್‌ನಲ್ಲಿ 19. ಪಿಕಪ್ಪೇ ಒಂದು ಕೈ ಮೇಲು. ಆದರೆ ಎಂಟೇ ಚೀಲ ಇದ್ದ ದಿನ ನೋಡಿ: ಏಸ್‌ನಲ್ಲಿ 31, ಪಿಕಪ್‌ನಲ್ಲಿ 48.

ಹಾಗಾದರೆ ನಾನು ಎಷ್ಟು ದಿನ ಗಾಡಿ ತುಂಬಿಸಿ ಹೋಗುತ್ತೇನೆ? ಆ ವರ್ಷ ಪುಸ್ತಕದಲ್ಲಿ ಬರೆದಿಟ್ಟೆ. ಒಟ್ಟು 188 ಸಲ ಮಾರ್ಕೆಟ್‌ಗೆ ಹೋಗಿದ್ದೆ. ಅದರಲ್ಲಿ 700 ಕೆಜಿ ದಾಟಿದ್ದು 37 ಸಲ ಮಾತ್ರ. ಹಳೇ ಗಾಡಿ ತೆಗೆದುಕೊಳ್ಳುವವರು ದಯವಿಟ್ಟು ಈ ಒಂದು ಲೆಕ್ಕ ಮೊದಲು ಮಾಡಿ. ಹಬ್ಬದ ದಿನದ ಲೋಡು ನೋಡಿ ಗಾಡಿ ಆರಿಸಿದರೆ ಉಳಿದ ದಿನವೆಲ್ಲ ಸುಮ್ನೆ ಡೀಸೆಲ್ ಸುಡಬೇಕಾಗುತ್ತದೆ.

ಘಾಟಿಯ ವಿಷಯ ಬೇರೆ. ಒಮ್ಮೆ ಕೊಟ್ಟಿಗೆಗೆ ಮಂಗಳೂರು ಹೆಂಚು ಬೇಕಿತ್ತು. ಏಸ್‌ನಲ್ಲಿ 250 ಹೆಂಚು ಹಾಕಿಕೊಂಡು ಗುಂಡ್ಯದಿಂದ ಮೇಲೆ ಹತ್ತಿದೆ. ಸೆಕೆಂಡ್ ಗೇರ್, ಎಷ್ಟೋ ಕಡೆ ಫಸ್ಟ್. ಹಿಂದೆ ಟ್ಯಾಂಕರ್, ಬಸ್ಸು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು. ಏಸ್‌ನಲ್ಲಿ ಎಂಜಿನ್ ಸೀಟಿನ ಕೆಳಗೇ ಇರುವುದರಿಂದ ತೊಡೆಗೆ ಬಿಸಿ ತಟ್ಟುತ್ತಿತ್ತು. ಬಿಸಿ ಎಂದಿಗಿಂತ ಜಾಸ್ತಿ ಆಗಿದೆ ಅಂತ ಗೊತ್ತಾದರೂ ನಿಲ್ಲಿಸಲಿಲ್ಲ. ಸಕಲೇಶಪುರ ಮುಟ್ಟುವ ಮೊದಲೇ ಬಿಳಿ ಹೊಗೆ ಬಂತು. ಕೂಲೆಂಟ್ ಪೈಪು ಒಂದು ಕಡೆ ಬಿರುಕು ಬಿಟ್ಟು ನೀರೆಲ್ಲ ಸೋರಿತ್ತು. ಹೆಡ್ ಗ್ಯಾಸ್ಕೆಟ್ ಹೋಯಿತು. ತಪ್ಪು ಪೂರ್ತಿ ನನ್ನದೇ. ಹೊರಡುವಾಗ ಪೈಪು ಮುಟ್ಟಿ ನೋಡಿದ್ದರೆ ಸಾಕಿತ್ತು. ಟಾರ್ಪಾಲು ಹಾಸಿಕೊಂಡು ರಸ್ತೆ ಬದಿಯಲ್ಲಿ ರಾತ್ರಿ ಕಳೆದೆ. ಅವತ್ತಿನಿಂದ ರಬ್ಬರ್ ಪೈಪು ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ, ಚೆನ್ನಾಗಿ ಕಂಡರೂ ಸರಿ.

ಅದೇ ಘಾಟಿಯನ್ನು ಪಿಕಪ್ 20 ಚೀಲ ಪಶು ಆಹಾರ ಹೊತ್ತು ಥರ್ಡ್ ಗೇರಿನಲ್ಲಿ ಹತ್ತಿತು. ಇಳಿಯುವಾಗಲೂ ಗೇರಿನಲ್ಲೇ ಹಿಡಿದು ಇಳಿಸಬಹುದು, ಬ್ರೇಕಿಗೆ ಕೆಲಸ ಕಡಿಮೆ. ಮಳೆಗಾಲದಲ್ಲಿ ಮಣ್ಣು ಕುಸಿದು ರಸ್ತೆ ಅರ್ಧ ಕಿತ್ತುಹೋಗಿದ್ದಾಗ ದೊಡ್ಡ ಚಕ್ರದ ಬೆಲೆ ಗೊತ್ತಾಯಿತು. ಏಸ್‌ನ ಚಕ್ರ 12 ಇಂಚಿನದು. ಗುಂಡಿಗೆ ಇಳಿದರೆ ಪೂರ್ತಿ ಇಳಿಯುತ್ತದೆ. ಮಲೆನಾಡಿನಲ್ಲಿ ಮನೆ ಇದ್ದು, ದಿನಾ ಘಾಟಿ ಹತ್ತುವವರಿಗೆ ನಾನು ಹಳೇ ಏಸ್ ತೆಗೆದುಕೊಳ್ಳಿ ಅಂತ ಹೇಳುವುದಿಲ್ಲ.

ಖರ್ಚಿನ ಮಾತು. ಏಸ್‌ಗೆ ಕ್ಲಚ್ ಸೆಟ್ ಹಾಕಿಸಿದಾಗ ಕೂಲಿ ಸೇರಿ 4,500 ಆಯಿತು, ಪಿಕಪ್‌ಗೆ 9,000. ಟೈರ್ ಒಂದಕ್ಕೆ 3,500, ಅಲ್ಲಿ 6,500. ಎಂಜಿನ್ ಆಯಿಲೂ ಪಿಕಪ್‌ಗೆ ಹೆಚ್ಚುಕಡಿಮೆ ಎರಡರಷ್ಟು. ಆದರೆ ಏಸ್ ಕೈ ಜಾಸ್ತಿ ಬೇಡುತ್ತದೆ. ಎರಡು ಸಿಲಿಂಡರ್ ಗಾಡಿಗೆ ನಡುಕ ಇದ್ದೇ ಇರುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಸ್ಪ್ಯಾನರ್ ಹಿಡಿದು ನಟ್ಟು ಬೋಲ್ಟ್ ಬಿಗಿ ಮಾಡುತ್ತೇನೆ. ಮುಂದಿನ ಆಕ್ಸಲ್ ಲಾರಿಯ ಹಾಗೆ ಒಂದೇ ಕಬ್ಬಿಣದ ತೊಲೆ, ಎರಡು ತುದಿಯಲ್ಲಿ ಕಿಂಗ್‌ಪಿನ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಎಡಕ್ಕೆ ಬಲಕ್ಕೆ ಹೊರಳುವ ಗೂಟ. ಅದಕ್ಕೆ ಗ್ರೀಸ್ ತಪ್ಪಿಸಬಾರದು. ಪರೀಕ್ಷೆ ಸುಲಭ. ಮುಂದಿನ ಚಕ್ರವನ್ನು ಜಾಕಿ ಹಾಕಿ ಎತ್ತಿ, ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಟಕ್ ಟಕ್ ಅಂದರೆ ಕಿಂಗ್‌ಪಿನ್ ಬುಷ್ ಇಲ್ಲವೇ ಬೇರಿಂಗ್ ಸವೆದಿದೆ. ಹಾಗೇ ಬಿಟ್ಟರೆ ಟೈರ್ ಒಂದೇ ಕಡೆ ತಿನ್ನುತ್ತದೆ, ಸ್ಟೇರಿಂಗ್ ನಡುಗುತ್ತದೆ.

ಒಂದು ಅಂಗಡಿಯಲ್ಲಿ ಒರಿಜಿನಲ್ ಅಂತ ಹೇಳಿ ಡೂಪ್ಲಿಕೇಟ್ ಕ್ಲಚ್ ಪ್ಲೇಟ್ ಕೊಟ್ಟರು. ಐದು ತಿಂಗಳಿಗೆ ಸವೆದುಹೋಯಿತು. ಸಾಮಾನಿನ ದುಡ್ಡಿಗಿಂತ ಗೇರ್‌ಬಾಕ್ಸ್ ಇಳಿಸಿ ಏರಿಸಿದ ಕೂಲಿ ಎರಡು ಸಲ ಬಿತ್ತಲ್ಲ, ಅದೇ ಹೊಟ್ಟೆ ಉರಿಸಿತು. ಈಗ ಬಿಲ್ ಇಲ್ಲದೆ ಸಾಮಾನು ತರುವುದಿಲ್ಲ.

ಹಳೇದು ಕೊಳ್ಳುವಾಗ ಯಾವುದೇ ಗಾಡಿ ಆಗಲಿ, ನಮ್ಮ ಗಾಡಿ ರಿಪೇರಿ ಮೇಸ್ತ್ರಿ ಹೇಳಿದ ಮಾತು ಉಪಯೋಗಕ್ಕೆ ಬಂತು. "ಗೌಡ್ರೆ, ಎಂಜಿನ್ ಆಮೇಲೆ ನೋಡೋಣ, ಮೊದಲು ಅಡಿಗೆ ಹೋಗಿ ಚಾಸಿ ನೋಡಿ." ಪ್ಲೇಟ್ ಸ್ಪ್ರಿಂಗ್ ಚಾಸಿಗೆ ಕೂರುವ ಜಾಗದಲ್ಲಿ ವೆಲ್ಡಿಂಗ್ ಗುರುತು ಇದ್ದರೆ, ಅಥವಾ ಪಟ್ಟಿ ಹೆಚ್ಚಿಗೆ ಸೇರಿಸಿದ್ದರೆ ಆ ಗಾಡಿ ಓವರ್‌ಲೋಡಿನಲ್ಲೇ ಬದುಕಿದೆ ಅಂತ ಅರ್ಥ. ಆಮೇಲೆ ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ಬಾಯಿಗೆ ಅಂಗೈ ಹಿಡಿಯಿರಿ. ಹೊಗೆ ಭುಸುಗುಟ್ಟಿ ಕೈಯನ್ನು ತಳ್ಳಿದರೆ ಎಂಜಿನ್ ಬೋರಿಗೆ ಬಂದಿದೆ, ಅಂದರೆ ಒಳಗೆ ಸಿಲಿಂಡರ್ ಸವೆದಿದೆ. ನಾನು ಮೂರು ಏಸ್ ಬಿಟ್ಟು ನಾಲ್ಕನೆಯದು ತಂದದ್ದು ಹೀಗೇ ನೋಡಿ.

ಕಾಗದಪತ್ರದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಎಂಟು ವರ್ಷ ದಾಟಿದ ಹಳದಿ ಬೋರ್ಡ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಆಗಬೇಕು. ಗಾಡಿ ಹಳೇದಾದಷ್ಟೂ ಶುಲ್ಕ ಜಾಸ್ತಿ. ಒಟ್ಟು ತೂಕ 3,000 ಕೆಜಿ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ, ಆರ್‌ಸಿಯಲ್ಲಿ ತೂಕ ನೋಡಿಕೊಳ್ಳಿ. ಲೈಸೆನ್ಸ್ ಬಗ್ಗೆ ಗೊಂದಲ ಇತ್ತು. 7,500 ಕೆಜಿ ಒಳಗಿನ ಸರಕು ಗಾಡಿಯನ್ನು ಎಲ್‌ಎಂವಿ (ಲಘು ವಾಹನ) ಲೈಸೆನ್ಸ್‌ನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಸ್ಪಷ್ಟ ಮಾಡಿತು. ನನ್ನಂಥ ಎಷ್ಟೋ ರೈತರಿಗೆ ಅದರಿಂದ ಧೈರ್ಯ ಬಂತು.

ಕೊನೆಗೆ ಎರಡನ್ನೂ ಸಾಕುವುದು ಕಷ್ಟವಾಯಿತು. ಎರಡು ಇನ್ಶೂರೆನ್ಸ್, ಎರಡು ಎಫ್‌ಸಿ, ನಿಂತಲ್ಲೇ ಸಾಯುವ ಬ್ಯಾಟರಿ. 2023ರಲ್ಲಿ ಪಿಕಪ್ಪನ್ನು ಸಕಲೇಶಪುರದ ಭಾವನಿಗೆ ಕೊಟ್ಟೆ. ಅವರಿಗೆ ಕಾಫಿ, ಮೆಣಸು, ದಿನಾ ಏರು ರಸ್ತೆ. ಅವರ ಕೆಲಸಕ್ಕೆ ಅದೇ ಸರಿ. ಕೊಡುವ ದಿನ ತೊಳೆದು, ಹಿಂದಿನ ಪ್ಲೇಟ್‌ಗಳಿಗೆಲ್ಲ ಗ್ರೀಸ್ ಹಾಕಿಸಿ ಕೊಟ್ಟೆ. ಅಷ್ಟು ಚೆನ್ನಾಗಿ ದುಡಿದ ಗಾಡಿ ಅದು. ಶುಂಠಿ ಕೀಳುವ ಸಮಯದಲ್ಲಿ ನಾಲ್ಕೈದು ದಿನ ಡೀಸೆಲ್ ತುಂಬಿಸಿಕೊಟ್ಟು ತರುತ್ತೇನೆ.

ಏಸ್ ಇಲ್ಲೇ ಇದೆ. ಮುಂದಿನ ತಿಂಗಳು ಎಫ್‌ಸಿ. ಬಲಗಡೆ ಚಕ್ರ ಸ್ವಲ್ಪ ಟಕ್ ಅನ್ನುತ್ತಿದೆ. ಕಿಂಗ್‌ಪಿನ್ ಸೆಟ್ ತಂದಿಟ್ಟಿದ್ದೇನೆ, ಭಾನುವಾರ ಮೇಸ್ತ್ರಿ ಬರುತ್ತಾರೆ.