ಅವ್ವನ ಟಿವಿಗೆ ಮೂರು ತಾಸಿನ ವಿಡಿಯೊ: ಒಂದು ಡಿಸ್ಕೋ, ಎರಡೋ?

ನನ್ನ ಹತ್ತಿರ ಇದ್ದದ್ದು 170 ನಿಮಿಷದ ವಿಡಿಯೊ. ಮೂರು ತಾಸಿಗೆ ಹತ್ತು ನಿಮಿಷ ಕಡಿಮೆ. ಗದಗ ತಾಲೂಕಿನ ನಮ್ಮ ಹಳ್ಳಿಯ ತೇರು, ಪಂಚಮಿಗೆ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ, ರೊಟ್ಟಿ ಬಡಿಯುತ್ತ ದೊಡ್ಡವ್ವ ಹೇಳಿದ ಹಾಡುಗಳು. ಅರ್ಧ ಹಳೇ ವಿಡಿಯೊ ಕ್ಯಾಮೆರಾದ ಮಿನಿ ಡಿವಿ ಕ್ಯಾಸೆಟ್ಟಿನಿಂದ ಇಳಿಸಿದ್ದು, ಅರ್ಧ ಫೋನಿನದು. ಎಡಿಟ್ ಮಾಡಿದ್ದು ಧಾರವಾಡದಲ್ಲಿ, ನೋಡಬೇಕಾದವಳು ಊರಲ್ಲಿರುವ ಅವ್ವ. ಅವಳ ಹತ್ತಿರ ಇರುವುದು ಬೆನ್ನು ಉಬ್ಬಿದ ಹಳೇ ಟಿವಿ, ಅದಕ್ಕೆ ಹಳದಿ-ಬಿಳಿ-ಕೆಂಪು ವೈರಿನ ಡಿವಿಡಿ ಪ್ಲೇಯರ್. ಅವಳ ಕರಾರು ಒಂದೇ: "ಒಂದ ಗುಂಡಿ ಒತ್ತಿದ್ರ ಶುರು ಆಗಬೇಕ ನೋಡಪಾ."

ನಾಲ್ಕು ದಾರಿ ಪ್ರಯತ್ನಿಸಿದೆ. ಅದಕ್ಕೂ ಮೊದಲು ನಾನೇ ಮಾಡಿಕೊಂಡಿದ್ದ ಒಂದು ತಪ್ಪು ಲೆಕ್ಕ ಹೇಳಬೇಕು. "ಫೋನಿನ ಫೈಲುಗಳು ಎಲ್ಲಾ ಸೇರಿ 4 ಜಿಬಿ ಒಳಗಿವೆ, ಡಿವಿಡಿಯಲ್ಲಿ 4.7 ಜಿಬಿ ಜಾಗ ಇದೆ, ಹಿಡಿಯುತ್ತಲ್ವಾ" ಅಂದುಕೊಂಡಿದ್ದೆ. ಹಾಗಲ್ಲ. ಟಿವಿಯಲ್ಲಿ ಓಡುವ ಡಿವಿಡಿ ಆಗಬೇಕಾದರೆ ಎಲ್ಲವೂ ಎಂಪೆಗ್-2 ಅನ್ನೋ ವಿಡಿಯೊ ಮಾದರಿಗೆ ಬದಲಾಗಬೇಕು, ನಮ್ಮ ಕಡೆಯ ಪಾಲ್ ಟಿವಿ ಪದ್ಧತಿಯಲ್ಲಿ 720×576 ಚುಕ್ಕೆಗಳ ಅಳತೆಗೆ ಇಳಿಯಬೇಕು. ಮೂಲ ಫೈಲ್ ಎಷ್ಟೇ ಚಿಕ್ಕದಿರಲಿ, ತಾಸಿಗೆ 13 ಜಿಬಿ ತಿನ್ನುವ ಮಿನಿ ಡಿವಿಯೇ ಇರಲಿ, ಡಿಸ್ಕಿಗೆ ಬೇಕಾದದ್ದು ನಿಮಿಷದ ಲೆಕ್ಕ ಮಾತ್ರ. 4.7 ಜಿಬಿ ಅಂದರೆ 4,700 ಎಂಬಿ, ಅದನ್ನು ಎಂಟರಿಂದ ಗುಣಿಸಿದರೆ 37,600 ಮೆಗಾಬಿಟ್. ಅದನ್ನು ವಿಡಿಯೊದ ಸೆಕೆಂಡುಗಳಿಂದ ಭಾಗಿಸಿ. ಒಂದು ಸೆಕೆಂಡಿಗೆ ಎಷ್ಟು ಸಿಗುತ್ತದೆ ಅಂತ ಬರುತ್ತದಲ್ಲ, ಅದೇ ಬಿಟ್‌ರೇಟ್. ಚಿತ್ರ ಹೇಗೆ ಕಾಣುತ್ತದೆ ಅನ್ನೋದು ಬಹುಪಾಲು ಅಲ್ಲೇ ತೀರ್ಮಾನ ಆಗುತ್ತದೆ.

ಮೊದಲು ಎಲ್ಲಾ ಒಂದೇ ಡಿಸ್ಕಿಗೆ ತುರುಕಿದೆ. ಸೆಕೆಂಡಿಗೆ 3.7 ಮೆಗಾಬಿಟ್ ಬಂತು. ಧ್ವನಿಗೆ 0.2 ಹೋಯಿತು, ಚಿತ್ರಕ್ಕೆ ಮೂರೂವರೆಯೂ ಪೂರ್ತಿ ಉಳಿಯಲಿಲ್ಲ. ದೊಡ್ಡವ್ವನ ಹಾಡು ಚೆನ್ನಾಗೇ ಬಂತು. ಕ್ಯಾಮೆರಾ ಅಲುಗಾಡಿಲ್ಲ, ಗೋಡೆ ಗೋಡೆಯಾಗಿಯೇ ಇದೆ, ಕೈ ಮಾತ್ರ ಆಡುತ್ತದೆ. ಅಂಥದ್ದಕ್ಕೆ ಕಡಿಮೆ ಬಿಟ್‌ರೇಟ್ ಸಾಕು. ತೇರು ಬಂದಾಗ ಕಥೆ ಕೆಟ್ಟಿತು. ಸಾವಿರ ತಲೆ, ಧೂಳು, ಮೇಲಿಂದ ಉತ್ತತ್ತಿಯ ಮಳೆ. ಚಿತ್ರದ ಮೂಲೆಮೂಲೆಯೂ ಕ್ಷಣಕ್ಷಣಕ್ಕೆ ಬದಲಾಗುತ್ತದೆ. ಜನರ ಮುಖ ಚೌಕಚೌಕ ಆಗಿ ಒಡೆಯಿತು, ಗಾಳಿಯಲ್ಲಿದ್ದ ಉತ್ತತ್ತಿ ಮಾಯ. ಎರಡು ಸುತ್ತಿನ ಎನ್‌ಕೋಡಿಂಗ್ (ವಿಡಿಯೊವನ್ನು ಎಂಪೆಗ್-2ಗೆ ಬದಲಿಸುವ ಕೆಲಸ) ಹಾಕಿದೆ. ಅದರಲ್ಲಿ ಮೊದಲ ಸುತ್ತು ಎಲ್ಲಿ ಗದ್ದಲ ಇದೆ ಅಂತ ನೋಡುತ್ತದೆ, ಎರಡನೇ ಸುತ್ತಿನಲ್ಲಿ ಅಡುಗೆಮನೆಯ ಹಾಡಿನಲ್ಲಿ ಉಳಿಸಿದ ಬಿಟ್‌ಗಳನ್ನು ತೇರಿಗೆ ಕೊಡುತ್ತದೆ. ಸ್ವಲ್ಪ ಸುಧಾರಿಸಿತು, ಆದರೆ ಸಾಲಲಿಲ್ಲ. ಅಗಲವನ್ನು 720ರಿಂದ 352ಕ್ಕೆ ಇಳಿಸಿಯೂ ನೋಡಿದೆ. ಡಿವಿಡಿಯಲ್ಲಿ ಅದಕ್ಕೂ ಅವಕಾಶ ಇದೆ. ಚೌಕ ಹೋದವು, ಮುಖಗಳು ಮಸುಕಾದವು. ಬಾಣಲೆಯಿಂದ ಬೆಂಕಿಗೆ!

ಎರಡನೇ ದಾರಿ ಡ್ಯೂಯಲ್ ಲೇಯರ್, ಅಂದರೆ ಎರಡು ಪದರದ ಡಿಸ್ಕ್. 8.5 ಜಿಬಿ ಜಾಗ, ಅದೇ ಲೆಕ್ಕದಲ್ಲಿ ಸೆಕೆಂಡಿಗೆ 6.7 ಮೆಗಾಬಿಟ್. ಕಾಗದದ ಮೇಲೆ ಇದೇ ಗೆಲ್ಲಬೇಕಿತ್ತು. ಹುಬ್ಬಳ್ಳಿಯಲ್ಲಿ ಹುಡುಕಿ ಎರಡು ಖಾಲಿ ಡಿಸ್ಕ್ ತಂದೆ, ಸಾದಾ ಡಿಸ್ಕಿಗಿಂತ ಜಾಸ್ತಿ ದುಡ್ಡು ಕೊಟ್ಟೆ. ನನ್ನ ಕಂಪ್ಯೂಟರಿನಲ್ಲಿ ಚೆಂದ ಓಡಿತು. ಒಂದು ಪದರ ಮುಗಿದು ಇನ್ನೊಂದಕ್ಕೆ ಹೋಗುವಾಗ ಅರೆಕ್ಷಣ ನಿಂತಿತು, ಅಷ್ಟೇ. ಅವ್ವನ ಪ್ಲೇಯರ್ ಮಾತ್ರ ಗರಗರ ತಿರುಗಿ 'ನೋ ಡಿಸ್ಕ್' ಅಂತ ತೋರಿಸಿ ಸುಮ್ಮನಾಯಿತು. ಮನೆಯಲ್ಲಿ ಬರೆದ (ಬರ್ನ್ ಮಾಡಿದ) ಡಿಸ್ಕುಗಳ ಹೊಳಪು ಕಡಿಮೆ, ಎರಡು ಪದರದ್ದಂತೂ ಇನ್ನೂ ಕಡಿಮೆ. ಹಳೇ ಲೆನ್ಸಿಗೆ ಅದನ್ನು ಓದುವುದು ಕಷ್ಟ. ಉಳಿದ ಇನ್ನೊಂದು ಡಿಸ್ಕನ್ನು ಬರೆಯಲೇ ಇಲ್ಲ.

ಪೆನ್‌ಡ್ರೈವ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ಲೇಯರಿಗೆ ಯುಎಸ್‌ಬಿ ತೂತು ಇದೆ ಅಂತ ಖುಷಿಪಟ್ಟೆ. ಅದು ಓದುವುದು ಡಿವ್‌ಎಕ್ಸ್ ಅನ್ನೋ ಹಳೇ ಮಾದರಿಯ ವಿಡಿಯೊ ಫೈಲು ಮಾತ್ರ. ಫೋನಿನ ಎಂಪಿ4 ಹೆಸರು ತೋರಿಸಿತು, ಓಡಿಸಲಿಲ್ಲ. ಅದೇ ಪೆನ್‌ಡ್ರೈವನ್ನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ತಮ್ಮನ ಹೊಸ ಟಿವಿಗೆ ಹಾಕಿದೆ. ಉತ್ತತ್ತಿ ಒಂದೊಂದೂ ಎಣಿಸಬಹುದು! ಅಂಥ ಟಿವಿ ಇದ್ದರೆ ಡಿವಿಡಿಯ ಗೋಜಿಗೇ ಹೋಗಬೇಡಿ.

ಅವ್ವನ ಮನೆಗೆ ಕೊನೆಗೆ ಹೋದದ್ದು ಎರಡು ಸಾದಾ ಡಿವಿಡಿ. ಒಂದೊಂದರಲ್ಲಿ 85 ನಿಮಿಷ, ಸೆಕೆಂಡಿಗೆ 7 ಮೆಗಾಬಿಟ್. ಡಿವಿಡಿಯಲ್ಲಿ ಚಿತ್ರಕ್ಕೆ ಗರಿಷ್ಠ ಮಿತಿಯೇ 9.8, ಅಂದಮೇಲೆ 7 ಧಾರಾಳ. ತೇರು ತೇರಿನ ಹಾಗೆ ಕಂಡಿತು. ತೊಂದರೆ ಒಂದೇ, ನಡುವೆ ಎದ್ದು ಡಿಸ್ಕ್ ಬದಲಿಸಬೇಕು. ಅದಕ್ಕೆ ಸುಮ್ನೆ ಅರ್ಧಕ್ಕೆ ಕತ್ತರಿಸದೆ ತೇರು ಒಂದರಲ್ಲಿ, ಪಂಚಮಿ ಮತ್ತು ಹಾಡು ಇನ್ನೊಂದರಲ್ಲಿ ಇಟ್ಟೆ. ಹೂವಿನ ಚಿತ್ರದ ಮೆನು ಒಂದು ಮಾಡಿದ್ದೆ, ತೆಗೆದುಹಾಕಿದೆ. ಹಾಕಿದ ಕೂಡಲೇ ಶುರು.

ಸಾಫ್ಟ್‌ವೇರ್ ಯಾವುದು ಅಂತ ಕೇಳುತ್ತೀರಿ. ಡಿವಿಡಿ ಫ್ಲಿಕ್ ಸರಳ, 2009ರ ನಂತರ ಹೊಸದು ಬಂದಿಲ್ಲ. ಮೆನು ಬೇಕಿದ್ದವರಿಗೆ ಡಿವಿಡಿಸ್ಟೈಲರ್. ಎರಡೂ ಪುಕ್ಕಟೆ. 170 ನಿಮಿಷವನ್ನು ಒಂದೇ ಡಿಸ್ಕಿಗೆ ಹಾಕಿದರೆ ಎರಡರಲ್ಲೂ ತೇರು ಒಡೆಯುತ್ತದೆ, ಅದರಲ್ಲಿ ಭೇದ ಇಲ್ಲ.

ನಿಜವಾಗಿ ತಲೆ ತಿಂದದ್ದು ಜೋಕಾಲಿ. ಕಂಪ್ಯೂಟರಿನಲ್ಲಿ ನುಣ್ಣಗೆ ತೂಗುತ್ತಿತ್ತು, ಟಿವಿಯಲ್ಲಿ ಹಿಂದೆ ಮುಂದೆ ನಡುಗುತ್ತಿತ್ತು. ಮಿನಿ ಡಿವಿಯ ಒಂದೊಂದು ಚಿತ್ರವೂ ಬಿಟ್ಟು ಬಿಟ್ಟು ಬರುವ ಸಾಲುಗಳ ಎರಡು ಕಂತು, ಅದರಲ್ಲಿ ಕೆಳಗಿನ ಕಂತು ಮೊದಲು ಬರಬೇಕು. ನಾನು ಮೇಲಿನದು ಮೊದಲು ಅಂತ ಹಾಕಿದ್ದೆ. ಕಾಲ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಜಿಗಿದ ಹಾಗಾಗಿತ್ತು. ಫೋನಿನದು ಇನ್ನೊಂದು ಪಾಡು. ಅದು ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ, ಪಾಲ್ ಡಿವಿಡಿಗೆ 25 ಬೇಕು, ಕ್ಯಾಮೆರಾ ತಿರುಗುವಾಗ ಸಣ್ಣ ಜಗ್ಗಾಟ ಉಳಿದೇ ಉಳಿಯಿತು. ಊರ ಹೆಸರು, ಇಸವಿ ತೆರೆಯ ಕೆಳಗಿನ ಅಂಚಿಗೆ ಬರೆದಿದ್ದೆ, ಅವ್ವನ ಟಿವಿ ಅರ್ಧ ನುಂಗಿತು. ಅಕ್ಷರಗಳನ್ನು ಅಂಚಿನಿಂದ ಹತ್ತನೇ ಒಂದು ಪಾಲು ಒಳಗೆ ಸರಿಸಿದ ಮೇಲೆ ಸರಿಹೋಯಿತು.

ಇವೆಲ್ಲ ಗೊತ್ತಾದದ್ದು ಊರಿಗೆ ಮೂರು ಸಲ ಬಸ್ ಹತ್ತಿ ಹೋದ ಮೇಲೆ. ಮೊದಲೇ ಒಂದು ಡಿವಿಡಿ-ಆರ್‌ಡಬ್ಲ್ಯೂ ತಗೊಂಡು, ತೇರಿನ ಐದು ನಿಮಿಷ, ಜೋಕಾಲಿಯ ಐದು ನಿಮಿಷ ಹಾಕಿ ನೋಡಿದ್ದರೆ ಒಂದು ಸಲಕ್ಕೇ ಮುಗಿಯುತ್ತಿತ್ತು. ಅಳಿಸಿ ಮತ್ತೆ ಬರೆಯಬಹುದಲ್ಲ.

ಮೂಲ ಫೈಲುಗಳನ್ನು ಹಾರ್ಡ್‌ಡಿಸ್ಕಿನಲ್ಲಿ ಹಾಗೇ ಇಟ್ಟಿದ್ದೇನೆ. ಅವ್ವ ಪಂಚಮಿಯ ಡಿಸ್ಕನ್ನು ಪ್ಲೇಯರಿನಿಂದ ತೆಗೆದೇ ಇಲ್ಲವಂತೆ. ಇಷ್ಟೆಲ್ಲ ಒದ್ದಾಡಿದ ತೇರು ಇನ್ನೂ ಕವರಿನಲ್ಲೇ ಇದೆ.