ಮಂಗಳೂರಿನ ಒಂದು ಯುವೈಟಿಸ್ ವಿಭಾಗ: ಹೊಸ ಔಷಧಗಳ ಬಗ್ಗೆ ನೇರ ಮಾತು, ಬಿಲ್ಲಿನಲ್ಲಿ ಗೊಂದಲ

ಬ್ರಹ್ಮಾವರದಲ್ಲಿರುವ ನನ್ನ ಅಕ್ಕನಿಗೆ ಕಳೆದ ವರ್ಷದಿಂದ ಮಂಗಳೂರಿನ ಖಾಸಗಿ ಕಣ್ಣಾಸ್ಪತ್ರೆಯೊಂದರ ಯುವೈಟಿಸ್ (ಕಣ್ಣಿನೊಳಗಿನ ಉರಿಯೂತ) ವಿಭಾಗದಲ್ಲಿ ಚಿಕಿತ್ಸೆ ನಡೆಯುತ್ತಿದೆ. ದೂರುಗಳೂ ಇರುವುದರಿಂದ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಕ್ಕನ ಕಾಯಿಲೆಯ ಹೆಸರು ವೋಗ್ಟ್–ಕೊಯಾನಗಿ–ಹರಾಡ; ದೇಹದ ರೋಗನಿರೋಧಕ ವ್ಯವಸ್ಥೆಯೇ ವರ್ಣದ್ರವ್ಯವಿರುವ ಜೀವಕೋಶಗಳ ಮೇಲೆ ತಿರುಗಿಬೀಳುವುದರಿಂದ ಎರಡೂ ಕಣ್ಣು ಮಂಜಾಗುವುದು, ತಲೆನೋವು ಮತ್ತು ಕಿವಿಯಲ್ಲಿ ಮೊರೆತ ಇದರ ಲಕ್ಷಣಗಳು.

ಈ ವಿಭಾಗದ ಬಗ್ಗೆ ನನಗೆ ಗೌರವ ಹುಟ್ಟಿದ್ದು ಔಷಧ ಬರೆಯುವ ಮೊದಲು ಅವರು ಕೇಳಿದ ಪ್ರಶ್ನೆಗಳಿಂದ. ಕ್ಷಯ ಮತ್ತು ಸಿಫಿಲಿಸ್ ಪರೀಕ್ಷೆಗಳನ್ನು ಮಾಡಿಸಿದ್ದಲ್ಲದೆ, ಮಳೆಗಾಲದಲ್ಲಿ ಗದ್ದೆಗೆ ಇಳಿದಿದ್ದರೇ, ಆಮೇಲೆ ಜ್ವರ ಬಂದಿತ್ತೇ ಎಂದು ವೈದ್ಯೆ ವಿಚಾರಿಸಿದರು. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿರುವ ಇಲಿಜ್ವರ, ಜ್ವರ ಬಿಟ್ಟು ವಾರಗಳೋ ತಿಂಗಳುಗಳೋ ಕಳೆದ ಮೇಲೂ ಕಣ್ಣಿನ ಉರಿಯೂತವಾಗಿ ಕಾಣಿಸಿಕೊಳ್ಳಬಲ್ಲದು. ಒಳಗೆ ಸೋಂಕಿರುವಾಗ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ ಕೊಟ್ಟರೆ ಸೋಂಕು ಉಲ್ಬಣಿಸುವ ಅಪಾಯವಿದೆ.

ಚಿಕಿತ್ಸೆ ಸ್ಟಿರಾಯ್ಡ್‌ನಿಂದ ಆರಂಭವಾಯಿತು. ಅದನ್ನು ದೀರ್ಘಕಾಲ ನುಂಗಿದರೆ ಸಕ್ಕರೆ ಏರುವುದು, ಮೂಳೆ ಸವೆಯುವುದು, ಕಣ್ಣಿಗೆ ಪೊರೆ ಬರುವುದು, ಕಣ್ಣಿನ ಒತ್ತಡ ಹೆಚ್ಚುವುದು ಎಲ್ಲವೂ ಸಾಧ್ಯವಾದ್ದರಿಂದ, ಪ್ರಮಾಣವನ್ನು ಇಳಿಸುತ್ತಾ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮೆಥೊಟ್ರೆಕ್ಸೇಟ್ ಸೇರಿಸಿದರು. ಈ ಮಾತ್ರೆ ವಾರಕ್ಕೊಮ್ಮೆ ಮಾತ್ರ. ದಿನವೂ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ನರ್ಸ್ ಚೀಟಿಯ ಮೇಲೆ ವಾರದ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದುಕೊಟ್ಟರು. ಅದೇ ಬಗೆಯ, ಇನ್ನೂ ದುಬಾರಿಯಾದ ಮೈಕೊಫಿನೊಲೇಟ್ ಯಾಕೆ ಬೇಡ ಎಂಬ ನನ್ನ ಪ್ರಶ್ನೆಗೂ ಉತ್ತರ ಸಿಕ್ಕಿತು: ತಮಿಳುನಾಡಿನ ಅರವಿಂದ್ ಆಸ್ಪತ್ರೆಗಳೂ ಭಾಗವಹಿಸಿದ, 2019ರಲ್ಲಿ ಪ್ರಕಟವಾದ 216 ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಆರು ತಿಂಗಳ ಕೊನೆಗೆ ಮೆಥೊಟ್ರೆಕ್ಸೇಟ್ ಶೇ. 66.7ರಷ್ಟು, ಮೈಕೊಫಿನೊಲೇಟ್ ಶೇ. 57.1ರಷ್ಟು ರೋಗಿಗಳಲ್ಲಿ ಯಶಸ್ವಿಯಾಗಿತ್ತು. ಬೆಲೆ ಹೆಚ್ಚಾದ ಮಾತ್ರಕ್ಕೆ ಗುಣ ಹೆಚ್ಚೆಂಬುದು ಅಲ್ಲಿ ಸಾಬೀತಾಗಲಿಲ್ಲ.

ಅಷ್ಟಾದರೂ ರೋಗ ಮತ್ತೆ ಮರುಕಳಿಸಿದಾಗ ಉರಿಯೂತವನ್ನು ತಡೆಯುವ ಅಡಾಲಿಮುಮ್ಯಾಬ್ ಇಂಜೆಕ್ಷನ್ ಮಾತು ಬಂತು. ಕಣ್ಣಿನ ಮಧ್ಯ ಮತ್ತು ಹಿಂಭಾಗದ, ಸೋಂಕಿನಿಂದ ಬಂದಿರದ ಯುವೈಟಿಸ್‌ಗೆ ಅಮೆರಿಕದಲ್ಲಿ ಇದಕ್ಕೆ 2016ರಲ್ಲಿ ಒಪ್ಪಿಗೆ ಸಿಕ್ಕಿದೆ. ಆ ಒಪ್ಪಿಗೆಗೆ ಆಧಾರವಾದ ಒಂದು ಪ್ರಯೋಗದಲ್ಲಿ ಅರ್ಧದಷ್ಟು ರೋಗಿಗಳಲ್ಲಿ ಚಿಕಿತ್ಸೆ ವಿಫಲವಾಗುವವರೆಗಿನ ಅವಧಿ, ಹುಸಿ ಔಷಧ ಪಡೆದವರಲ್ಲಿ 13 ವಾರವಿದ್ದರೆ ಇದನ್ನು ಪಡೆದವರಲ್ಲಿ 24 ವಾರವಿತ್ತು. ಇದು ರೋಗವನ್ನು ಹತೋಟಿಯಲ್ಲಿಡುತ್ತದೆ, ಬೇರುಸಹಿತ ಕೀಳುವುದಿಲ್ಲ ಎಂದು ವೈದ್ಯೆ ಬಿಡಿಸಿ ಹೇಳಿದರು. ಝೈಡಸ್ ಸಂಸ್ಥೆ 2014ರ ಕೊನೆಯಲ್ಲಿ ಇದರ ಭಾರತೀಯ ಬಯೋಸಿಮಿಲರ್ (ಮೂಲ ಔಷಧವನ್ನೇ ಹೋಲುವ ಔಷಧ) ಅನ್ನು ಮಾರುಕಟ್ಟೆಗೆ ತಂದದ್ದರಿಂದ ಬೆಲೆ ಸ್ವಲ್ಪವಾದರೂ ಕೈಗೆಟುಕುವಂತಾಗಿದೆ. ಅಡಗಿರುವ ಕ್ಷಯ ಎದ್ದೇಳಬಹುದೆಂಬ ಕಾರಣಕ್ಕೆ ಮತ್ತೊಮ್ಮೆ ರಕ್ತಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ ಕಡ್ಡಾಯವೆಂದರು. ಇಂಜೆಕ್ಷನ್ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಔಷಧಾಲಯದವರು ಐಸ್ ಪ್ಯಾಕ್ ಸಮೇತ ಡಬ್ಬಿ ಕೊಡುತ್ತಾರೆ, ಉಡುಪಿಯ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ತರಲು ತೊಂದರೆಯಾಗಿಲ್ಲ. ಮಳೆಗಾಲದಲ್ಲಿ ಮನೆಯ ಕರೆಂಟು ಮಾತ್ರ ನಂಬುವಂತಿಲ್ಲ.

ಪ್ರಯೋಗದ ಹಂತದಲ್ಲಿರುವ ಔಷಧಗಳ ವಿಷಯದಲ್ಲಿ ಇವರ ನಡೆ ಇನ್ನೂ ಮೆಚ್ಚುವಂತಿದೆ. ಟೊಫಾಸಿಟಿನಿಬ್ ಎಂಬ ಮಾತ್ರೆಯ ಬಗ್ಗೆ ಯಾರೋ ಹೇಳಿದ್ದನ್ನು ಕೇಳಿ ಅಕ್ಕ, "ಡಾಕ್ಟ್ರೇ, ಚುಚ್ಚುವ ಬದಲು ಆ ಮಾತ್ರೆ ಕೊಡಬಹುದಲ್ಲ?" ಎಂದಾಗ, "ಅದು ಸಂಧಿವಾತಕ್ಕೆ ಒಪ್ಪಿಗೆಯಾದ ಮಾತ್ರೆ ಅಮ್ಮ, ನಿಮ್ಮ ಕಣ್ಣಿನ ಕಾಯಿಲೆಗೆ ಇನ್ನೂ ಪರೀಕ್ಷೆಯಲ್ಲಿದೆ" ಎಂದು ಹೇಳಿ, ಹೃದಯದ ತೊಂದರೆ, ರಕ್ತ ಹೆಪ್ಪುಗಟ್ಟುವಿಕೆ ಮತ್ತು ಕ್ಯಾನ್ಸರ್ ಕುರಿತ 2021ರ ಅಮೆರಿಕದ ಎಚ್ಚರಿಕೆಯನ್ನೂ ತಿಳಿಸಿದರು. ಸೋರಿಯಾಸಿಸ್‌ಗೆ ಬಳಕೆಯಲ್ಲಿರುವ ಸೆಕುಕಿನುಮ್ಯಾಬ್ ಯುವೈಟಿಸ್‌ನ ಮೂರು ದೊಡ್ಡ ಪ್ರಯೋಗಗಳಲ್ಲಿ ಮುಖ್ಯ ಗುರಿ ಮುಟ್ಟದೆ ಹೋದದ್ದನ್ನು ಉದಾಹರಿಸಿದರು. ಮುಂದೆ ಎಲ್ಲಿಯಾದರೂ ಪ್ರಯೋಗಕ್ಕೆ ಸೇರುವುದಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಸಂಖ್ಯೆ, ನೈತಿಕ ಸಮಿತಿಯ ಒಪ್ಪಿಗೆ, ಹಾನಿಯಾದರೆ 2019ರ ನಿಯಮಗಳಂತೆ ಸಿಗುವ ಚಿಕಿತ್ಸೆ ಮತ್ತು ಪರಿಹಾರ, ಇವನ್ನು ಕೇಳಿಯೇ ಸಹಿ ಹಾಕಬೇಕೆಂದರು. ಕೇಳಿದ್ದನ್ನೆಲ್ಲ ಬರೆದುಕೊಡುವ ವೈದ್ಯರು ಸಿಗುವುದು ಕಷ್ಟವಲ್ಲ. ಬೇಡವೆಂದು ಕಾರಣ ಕೊಡುವವರು ಅಪರೂಪ.

ಇನ್ನು ದೂರುಗಳು. ಟೋಕನ್ ಬೆಳಗ್ಗೆ ಕೊಟ್ಟರೂ ಸ್ಕ್ಯಾನ್ ಮುಗಿದು ವೈದ್ಯರನ್ನು ಕಾಣುವಾಗ ಊಟದ ಹೊತ್ತು ದಾಟಿರುತ್ತದೆ. ಇಂಜೆಕ್ಷನ್‌ನ ಖರ್ಚಿನ ಅಂದಾಜನ್ನು ಮೊದಲೇ ಬರೆದುಕೊಡಿ ಎಂದರೆ ಕೌಂಟರಿನಲ್ಲಿ ಒಬ್ಬೊಬ್ಬರು ಒಂದೊಂದು ಮೊತ್ತ ಹೇಳುತ್ತಾರೆ. ಒಳರೋಗಿಯಾಗಿ ದಾಖಲಾಗದ ಚಿಕಿತ್ಸೆಯಾದ್ದರಿಂದ ನಮ್ಮ ವಿಮೆ ಹಣ ಕೊಡಲಿಲ್ಲ, ಇದನ್ನು ಆಸ್ಪತ್ರೆಯ ವಿಮಾ ವಿಭಾಗದವರು ಮೊದಲೇ ಹೇಳಬಹುದಿತ್ತು. ಉಡುಪಿ, ಕುಂದಾಪುರ ಕಡೆಯಿಂದ ಬರುವವರು ಹಳೆಯ ರಕ್ತಪರೀಕ್ಷೆಗಳ ಫೈಲು ತರಲಿ, ಜೊತೆಗೊಬ್ಬರನ್ನೂ ಕರೆತರಲಿ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವುದರಿಂದ ಮರಳುವಾಗ ಸ್ವತಃ ವಾಹನ ಓಡಿಸಲಾಗದು.